ಹಂಪೆಯ ಬಿರಿದ ತೊಲೆಗಳು: ಸೂಯೆಲ್ಲರ ಮತದ ವಿಮರ್ಶೆ

1565ರ ಯುದ್ಧಾನಂತರ ವಿಜಯನಗರವು ಬೆಂಕಿಗೂ ಕೊಡಲಿಗೂ ತುತ್ತಾದ ಬಗೆಯನ್ನು ರಾಬರ್ಟ್ ಸೂಯೆಲ್ಲರು 1900ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವರ್ಣಿಸಿರುವರು. ವಿಠ್ಠಲ ದೇವಾಲಯದಲ್ಲಿ ಬೆಂಕಿಯಿಟ್ಟರೆಂಬ ಅವರ ಮಾತು ನಿರಾಧಾರವಾದುದಲ್ಲ. ಆದರೆ ಆ ವರ್ಣನೆಯ ಓಟದಲ್ಲಿ ಹಂಪೆಯ ಪ್ರತಿಯೊಂದು ಬಿರುಕನ್ನೂ ಶತ್ರುವಿನ ತಲೆಗೆ ಕಟ್ಟುವುದು ಯುಕ್ತವೇ ಎಂಬುದು ವಿಚಾರಾರ್ಹ.

ಗ್ರಾನೈಟ್ ಶಿಲೆಯು ಒತ್ತಡವನ್ನು ತಾಳುವಷ್ಟು ಎಳೆತವನ್ನು ತಾಳದು. ಎಳೆತದಲ್ಲಿ ಅದರ ಬಲವು ಸುಮಾರು ಹತ್ತರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಮೆ. ಕಂಬವು ಮುಖ್ಯವಾಗಿ ಒತ್ತಡವನ್ನು ಹೊರುವುದು. ತೊಲೆಯಾದರೋ ಭಾರದಿಂದ ಬಾಗಲು, ಅದರ ಕೆಳಮೈ ಎಳೆತಕ್ಕೆ ಸಿಕ್ಕುವುದು. ಸೂಕ್ಷ್ಮವಾದ ಸೀಳೊಂದರ ತುದಿಯಲ್ಲಿ ಬಲವು ಕೇಂದ್ರೀಕರಿಸಿ ವಸ್ತುವು ಹಠಾತ್ತಾಗಿ ಒಡೆಯುವ ಬಗೆಯನ್ನು ಗ್ರಿಫಿತ್ತರು 1921ರಲ್ಲಿ ಗಾಜಿನ ಪ್ರಯೋಗಗಳಿಂದ ವಿವರಿಸಿದರು. ಕಲ್ಲಿನ ಈ ಸ್ವಭಾವವನ್ನು ಹಂಪೆಯ ಕಲ್ಲುಕುಟಿಗರು ಅನುಭವದಿಂದ ಬಲ್ಲವರಾಗಿದ್ದರೆಂಬುದಕ್ಕೆ ಬಂಡೆಗಳ ಮೇಲೆ ಸಾಲಾಗಿ ಉಳಿದಿರುವ ಬೆಣೆಯ ಕುಳಿಗಳೇ ಸಾಕ್ಷಿ.

ಬೆಂಕಿಯ ಗುರುತು ಬೇರೆ. ಕಾದ ಕಲ್ಲಿನ ಮೈ ಹಕ್ಕಳೆಯಾಗಿ ಏಳುವುದು, ಅಂಚುಗಳು ಉದುರುವುವು. ತೊಲೆಯ ನಡುವೆ ಕೆಳಗಿನಿಂದ ಮೇಲಕ್ಕೇರಿದ ಸೀಳಾದರೆ ಮೊದಲು ಭಾರವನ್ನೇ ಶಂಕಿಸಬೇಕು. ಬೆಂಕಿಯಿಂದ ಬಲಗುಂದಿದ ತೊಲೆಯು ಬಹುಕಾಲದ ಮೇಲೆ ಭಾರದಿಂದ ಬಿರಿದಿರಲೂ ಬಹುದು.

ಆದುದರಿಂದ ಸೂಯೆಲ್ಲರ ಗ್ರಂಥವು ನಗರದ ಪತನಕ್ಕೆ ಮಾನ್ಯವಾದ ಚರಿತ್ರೆಯಾದರೂ ಒಂದೊಂದು ತೊಲೆಯ ವಿಷಯದಲ್ಲಿ ಪ್ರಮಾಣವಾಗಲಾರದು. ಶತ್ರುವಿನ ಪೆಟ್ಟು ಎಂದೋ ಮುಗಿಯಿತು. ಚಾವಣಿಯ ಭಾರ ಮುಗಿದಿಲ್ಲ. ಕಾರಣವನ್ನು ತಪ್ಪಾಗಿ ತಿಳಿದಲ್ಲಿ, ಆನಿಕೆ ಕೊಡಬೇಕಾದ ತೊಲೆಯು ಹಳೆಯ ಗಾಯವೆನಿಸಿ ಉಪೇಕ್ಷೆಗೆ ಗುರಿಯಾಗುವುದು.