ಆ ಒಂದು ನಿಮಿಷ, ಉಳಿದ ಹಬ್ಬ

ತಲಕಾವೇರಿಯ ತೀರ್ಥೋದ್ಭವದ ನೇರಪ್ರಸಾರವನ್ನು ನೀವು ಒಮ್ಮೆಯಾದರೂ ನೋಡಿರ್ತೀರಿ. ಬ್ರಹ್ಮಗಿರಿಯ ಬುಡದಲ್ಲಿ ಚೌಕಾಕಾರದ ಪುಟ್ಟ ಕುಂಡಿಕೆ, ಸುತ್ತ ಅರ್ಚಕರು, ಅವರ ಹಿಂದೆ ಗಣ್ಯರು, ಅವರ ಹಿಂದೆ ಪೊಲೀಸರು, ಅದಕ್ಕೂ ಹಿಂದೆ ಸಾವಿರಾರು ಜನ ಕೊಡ, ಬಾಟಲಿ ಹಿಡಿದು ನಿಂತಿರ್ತಾರೆ. ಪರದೆಯ ಮೂಲೆಯಲ್ಲಿ ಗಡಿಯಾರ ಓಡ್ತಿರುತ್ತೆ. ಗಳಿಗೆ ಬಂತು, ನೀರು ಉಕ್ಕಿತು ಅಂತ ನಿರೂಪಕರು ಕೂಗ್ತಾರೆ. ಮನೆಯ ಗುಂಪಿಗೆ ಕೈಮುಗಿದ ಚಿಹ್ನೆ ಕಳಿಸಿ ನಾವು ಫೋನ್ ಕೆಳಗಿಡ್ತೀವಿ.

ಈ ಪ್ರಸಾರದ ಬಗ್ಗೆ ನನಗೊಂದು ತಕರಾರಿದೆ. ಅದು ಹೇಳೋದು ಸುಳ್ಳಲ್ಲ. ಆದರೆ ಹಬ್ಬದ ಬಹುಪಾಲು ನಡೆಯುವ ಕಡೆಗೆ ಅದು ಕ್ಯಾಮೆರಾ ತಿರುಗಿಸೋದೇ ಇಲ್ಲ.

ಮೊದಲು ಆ ನಿಮಿಷದ ವಿಷಯ. ನನ್ನದು ಅಂಕಿಅಂಶದ ಕಸುಬು, ಹಾಗಾಗಿ ಕಣ್ಣು ಅಲ್ಲಿಗೇ ಹೋಗುತ್ತೆ. 2022ರಲ್ಲಿ ಪ್ರಕಟವಾದ ಮುಹೂರ್ತ ಅಕ್ಟೋಬರ್ 17ರ ಸಂಜೆ 7:21. 2023ರಲ್ಲಿ 17ರ ನಡುರಾತ್ರಿ ದಾಟಿ 1:27. 2024ರಲ್ಲಿ 17ರ ಬೆಳಿಗ್ಗೆ 7:40. ಪ್ರತಿವರ್ಷ ಸುಮಾರು ಆರು ಗಂಟೆ ಮುಂದಕ್ಕೆ. ಕಾರಣ ಸರಳ: ನಕ್ಷತ್ರಗಳನ್ನು ಗುರುತಾಗಿಟ್ಟುಕೊಂಡು ಲೆಕ್ಕ ಹಾಕಿದರೆ ಸೂರ್ಯ ಅದೇ ಜಾಗಕ್ಕೆ ಮರಳೋಕೆ 365 ದಿನ, 6 ಗಂಟೆ, 9 ನಿಮಿಷ ಬೇಕು. ಅಂದರೆ ಆ ಗಳಿಗೆ ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆ. ಅದು ಪಂಚಾಂಗದ ಲೆಕ್ಕ, ಜಗತ್ತಿಗೆಲ್ಲ ಒಂದೇ. ಇಲ್ಲಿ ಕುವೈತಿನ ಮೀನಾ ಅಬ್ದುಲ್ಲಾದಲ್ಲಿ ಎರಡೂವರೆ ಗಂಟೆ ಕಳೆದುಕೊಂಡರಾಯ್ತು. ಪ್ರಸಾರ ಸಾರೋದು ಹಬ್ಬದ ಈ ಭಾಗವನ್ನು, ಎಲ್ಲಿ ಬೇಕಾದರೂ ಕೂತು ಹೊಂದಿಸಿಕೊಳ್ಳಬಹುದಾದ ಭಾಗವನ್ನು. ಕೊಡಗಿನಲ್ಲಿ ಮಾತ್ರ ಸಿಗುವ ಭಾಗ ಬೇರೆ.

ಅದಕ್ಕೆ ಹೆಸರೂ ಬೇರೆ. ಕೊಡವ ತಕ್ಕ್‌ನಲ್ಲಿ ಇದು ‘ಕಾವೇರಿ ಚಂಗ್ರಾಂದಿ’. ಸಂಸ್ಕೃತದ ಸಂಕ್ರಾಂತಿ ಕೊಡವರ ನಾಲಿಗೆಯಲ್ಲಿ ಉರುಳಿ ಉರುಳಿ ಚಂಗ್ರಾಂದಿ ಆಗಿದೆ, ನದಿ ‘ಕಾವೇರಮ್ಮೆ’ ಆಗಿದ್ದಾಳೆ. ಮನೆಯಲ್ಲಿ ಒಂದು ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಹೂವಿಟ್ಟು, ಪತ್ತಾಕ್ ತೊಡಿಸ್ತಾರೆ. ಪತ್ತಾಕ್ ಅಂದರೆ ಕೊಡವ ಮುತ್ತೈದೆಯರ ಕೊರಳ ಒಡವೆ. ಪಕ್ಕದಲ್ಲಿ ವೀಳ್ಯದೆಲೆ, ಅಡಿಕೆ, ಗಾಜಿನ ಬಳೆ. ಇದು ಕಣಿ ಪೂಜೆ. ಮಾಡೋರು ಮನೆಯ ಹೆಂಗಸರು, ಅರ್ಚಕರಲ್ಲ. ಎಲ್ಲರೂ ಅಕ್ಕಿ ಹಾಕಿ ನಮಸ್ಕರಿಸ್ತಾರೆ, ಹಿರಿಯರು ಕಿರಿಯರನ್ನು ಹರಸ್ತಾರೆ. ಆಮೇಲೆ ದೋಸೆ, ಕುಂಬಳಕಾಯಿ ಸಾರು, ಪಾಯಸ. ಹಂದಿ ಮಾಂಸವಿಲ್ಲದೆ ಹಬ್ಬವೇ ಇಲ್ಲ ಅನ್ನುವ ನಾಡಿನಲ್ಲಿ ಅವತ್ತು ಮಾಂಸವೂ ಇಲ್ಲ, ಮದ್ಯವೂ ಇಲ್ಲ. ಗದ್ದೆಯಲ್ಲಿ, ತೋಟದಲ್ಲಿ, ಬಾವಿಯ ಹತ್ತಿರ ಕಾಡುಬಳ್ಳಿ ಸುತ್ತಿದ ಕೋಲು ನೆಡ್ತಾರೆ. ಇದಕ್ಕೆ ಬೊತ್ತು ಅಂತಾರೆ, ಕೆಡುಕು ತಾಗದಿರಲಿ ಅಂತ.

ಈ ಸೌತೆಕಾಯಿ ಯಾಕೆ ಮುಖ್ಯ ಅನ್ನೋದಕ್ಕೆ ಒಂದು ಕತೆ ಇದೆ. ಕಾವೇರಿ ನದಿಯಾಗಿ ಹರಿದು ಹೊರಟಾಗ ಬಲಮುರಿಯಲ್ಲಿ ಜನ ಅಡ್ಡ ನಿಂತು ಬೇಡಿಕೊಂಡರಂತೆ. ಅವಳ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತಂತೆ, ಕೊಡವತಿಯರು ಇವತ್ತಿಗೂ ನೆರಿಗೆ ಹಿಂದೆ ಉಡೋದು ಅದಕ್ಕೇ ಅಂತೆ. ಅವಳು ನಿಲ್ಲಲಿಲ್ಲ. ವರ್ಷಕ್ಕೊಮ್ಮೆ ಬರ್ತೀನಿ ಅಂತ ಮಾತು ಕೊಟ್ಟು ಹೋದಳು. ಊರು ಬಿಟ್ಟಿರುವ ನಮಗೆ, ನಿಮಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಹಾಗೆ ನೋಡಿದರೆ ಕುಂಡಿಕೆ ಮಗಳು ಬಂದಿಳಿಯುವ ಬಸ್ ನಿಲ್ದಾಣ, ರೇಷ್ಮೆ ಉಟ್ಟ ಸೌತೆಕಾಯಿ ಮನೆಗೆ ಬಂದ ಮಗಳು. ನಮ್ಮ ಪ್ರಸಾರ ಬಸ್ ನಿಲ್ದಾಣದಲ್ಲೇ ಮುಗಿದುಹೋಗುತ್ತೆ.

ಇದನ್ನೆಲ್ಲ ಗಂಭೀರವಾಗಿ ಓದಿದವರು ಮೈಸೂರಿನ ಎಂ. ಎನ್. ಶ್ರೀನಿವಾಸ್. ಕೊಡವರ ಧರ್ಮ ಮತ್ತು ಸಮಾಜದ ಮೇಲಿನ ಅವರ ಇಂಗ್ಲಿಷ್ ಪುಸ್ತಕ 1952ರದ್ದು. ಬೊಂಬಾಯಿಯಲ್ಲಿ ಶುರುವಾದ ಆ ಅಧ್ಯಯನಕ್ಕೆ ಆಕ್ಸ್‌ಫರ್ಡ್‌ನಲ್ಲಿ ಹೊಸ ರೂಪ ಬಂತು. ‘ಸಂಸ್ಕೃತೀಕರಣ’ ಅನ್ನುವ ಮಾತು ಚಲಾವಣೆಗೆ ಬಂದದ್ದು ಇದರಿಂದಲೇ. ಮೇಲಿನವರೆನಿಸಿಕೊಂಡವರ ಆಚಾರಗಳನ್ನು ಉಳಿದವರು ತಮ್ಮದಾಗಿಸಿಕೊಳ್ಳುವ ಪ್ರಕ್ರಿಯೆ ಅದು. ಚಂಗ್ರಾಂದಿಯ ಸಸ್ಯಾಹಾರದೂಟವನ್ನೂ, ಅಗಸ್ತ್ಯನ ಕಮಂಡಲದ ಪುರಾಣವನ್ನೂ ಈ ಕಣ್ಣಿಂದ ಓದಬಹುದು. ಆದರೆ ಪದ ಬಲವಾದಷ್ಟೂ ಓದುಗರು ಸೋಮಾರಿಗಳಾಗ್ತಾರೆ. ಎಲ್ಲವೂ ಮೇಲಿಂದ ಕೆಳಕ್ಕೆ ಇಳಿದದ್ದು ಅಂದುಕೊಂಡರೆ ಗದ್ದೆಯ ಬೊತ್ತು ಎಲ್ಲಿಂದ ಬಂತು? ಪುಸ್ತಕದ ಜೊತೆಗೆ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ (1924) ಇಟ್ಟುಕೊಳ್ಳಿ. ಅದು ಕೊಡವರ ಹಾಡು, ಪದ್ಧತಿಗಳನ್ನು ಊರೊಳಗಿನವರೇ ಕೂಡಿಹಾಕಿದ ಸಂಗ್ರಹ.

ಅನಿವಾಸಿ ವೇದಿಕೆಗಳಲ್ಲಿ ಕಾವೇರಿ ಹಬ್ಬವನ್ನು ‘ಮೂಲನಿವಾಸಿ ಸಂಸ್ಕೃತಿ’ ಅಂತ ಪರಿಚಯಿಸೋದನ್ನೂ ಕೇಳಿದ್ದೀನಿ. ಸರಿ, ಆದರೆ ಆ ಪದವನ್ನು ಪೂರ್ತಿ ಬಳಸೋಣ. ಕೊಡಗಿನಲ್ಲಿ ಅರೆಭಾಷೆ ಗೌಡರಿದ್ದಾರೆ, ಕುಡಿಯರಿದ್ದಾರೆ, ಜೇನು ಕುರುಬರಿದ್ದಾರೆ, ಯರವರಿದ್ದಾರೆ. ಜೀತ ಪದ್ಧತಿಯನ್ನು 1976ರಲ್ಲಿ ಕಾಯ್ದೆ ರದ್ದು ಮಾಡುವವರೆಗೂ, ಎಷ್ಟೋ ಕಡೆ ಆಮೇಲೂ, ಅನೇಕ ಯರವ ಕುಟುಂಬಗಳು ಭೂಮಾಲೀಕರ ಗದ್ದೆಗಳಲ್ಲಿ ಜೀತ ದುಡಿದವು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಕಾಡಂಚಿನಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರು. ಬೊತ್ತು ಕಾಯುವ ಗದ್ದೆಯ ಕತೆಯಲ್ಲಿ ಇವರೂ ಇದ್ದಾರೆ. ನೇರಪ್ರಸಾರದಲ್ಲಿ ಇವರಿಲ್ಲದಿರೋದು ಆಶ್ಚರ್ಯವಲ್ಲ. ಹೆಮ್ಮೆಯ ಭಾಷಣಗಳಲ್ಲೂ ಇಲ್ಲದಿರೋದು ನನಗೆ ಹೆಚ್ಚು ಚುಚ್ಚುತ್ತೆ.

ಕುವೈತಿನಲ್ಲಿ ಒಂದೂ ನದಿಯಿಲ್ಲ. 1950ರ ದಶಕದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳು ಬರುವ ಮೊದಲು ಇಲ್ಲಿನವರು ಶತ್ ಅಲ್ ಅರಬ್ ನದಿಯಿಂದ ದೋಣಿಗಳಲ್ಲಿ ಕುಡಿಯುವ ನೀರು ತರ್ತಿದ್ದರು. ದೂರದ ನದಿಯನ್ನು ಪಾತ್ರೆಯಲ್ಲಿ ಮನೆಗೆ ತರೋದು ಈ ನೆಲಕ್ಕೂ ಹೊಸದಲ್ಲ. ಹಾಗಾಗಿ ನಿಮ್ಮ ದೇವರ ಕಪಾಟಿನಲ್ಲಿರುವ ಆ ಪುಟ್ಟ ತೀರ್ಥದ ಬಾಟಲಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

ಮುಂದಿನ ಅಕ್ಟೋಬರಿನಲ್ಲಿ ಪ್ರಸಾರ ಮುಗಿದ ಮೇಲೆ ಊರಿಗೆ ಒಂದು ಫೋನ್ ಮಾಡಿ. ನೀರು ಉಕ್ಕಿತಾ ಅಂತ ಕೇಳಬೇಡಿ, ಅದನ್ನು ನೋಡಿಯಾಯ್ತಲ್ಲ. ಕಣಿಗೆ ಈ ಸಲ ಏನಿಟ್ಟರು, ಗದ್ದೆ ಈಗ ಯಾರು ಮಾಡ್ತಿದ್ದಾರೆ, ಬೊತ್ತು ನೆಟ್ಟ ಕೈ ಯಾರದು ಅಂತ ಅಜ್ಜಿಯನ್ನು ಕೇಳಿ.