ಬಾತುಕೋಳಿ ಇಲ್ಲದೆ ಮದಿರಾನ್ ಯಾಕೆ?

ಮದಿರಾನ್ ಬಗ್ಗೆ ವಿಮರ್ಶೆ ಬರೆಯೋರದ್ದು ಸಾಮಾನ್ಯವಾಗಿ ಒಂದೇ ದೂರು: ಒರಟು, ಬಾಯಿ ಒಣಗಿಸುತ್ತೆ, ಇನ್ನೂ ಹತ್ತು ವರ್ಷ ಕಾಯಬೇಕು. ದೂರು ಸುಳ್ಳಲ್ಲ. ಆದ್ರೆ ಸಾಲಾಗಿ ಇಪ್ಪತ್ತು ಗ್ಲಾಸ್ ಇಟ್ಕೊಂಡು, ಊಟ ಇಲ್ಲದೆ, ಬಾಯಿಗೆ ಹಾಕಿ ಉಗಿದು ಅಂಕ ಕೊಡೋದು ನಮ್ಮ ಭಾಷೇಲಿ ಹೇಳೋದಾದ್ರೆ ಬರೀ ಯೂನಿಟ್ ಟೆಸ್ಟ್. ಈ ವೈನ್ ಒಂಟಿಯಾಗಿ ಓಡೋಕೆ ಮಾಡಿದ್ದೇ ಅಲ್ಲ.

ಹೆಸರು ಕೇಳಿ ನಮ್ಮ ಮದಿರೆ ನೆನಪಾಗುತ್ತೆ, ನಂಟೇನೂ ಇಲ್ಲ. ಮದಿರಾನ್ ಒಂದು ಹಳ್ಳಿ. ಫ್ರಾನ್ಸಿನ ನೈಋತ್ಯದಲ್ಲಿ, ಪಿರಿನೀಸ್ ಬೆಟ್ಟಸಾಲಿನ ಉತ್ತರಕ್ಕಿದೆ. ಸುತ್ತಲಿನ ಕೆಂಪು ವೈನಿಗೆ 1948ರಲ್ಲಿ ಕಾನೂನಿನ ಮಾನ್ಯತೆ ಸಿಕ್ತು. ದ್ರಾಕ್ಷಿಯ ಹೆಸರು ತನ್ನಾ. ಜೊತೆಗೆ ಕ್ಯಾಬರ್ನೆ ಬೆರೆಸೋದುಂಟು, ಆದರೆ ಯಜಮಾನಿಕೆ ತನ್ನಾದ್ದೇ.

ಇದರ ಗುಣ ಹೇಳೋಕೆ ಇಂಗ್ಲಿಷಿನವರು ತೊಗಲು, ಮರಳು ಕಾಗದ ಅಂತೆಲ್ಲ ಒದ್ದಾಡ್ತಾರೆ. ನಮಗೆ ಒಂದೇ ಪದ ಸಾಕು: ಒಗರು. ನಮ್ಮದು ಅಡಿಕೆ ಸೀಮೆ. ಎಳೆ ಅಡಿಕೆ ಬೇಯಿಸಿದ ನೀರು ಬತ್ತಿ ಚೊಗರು ಆಗುತ್ತಲ್ಲ, ಅದರ ಒಂದು ಹನಿ ನಾಲಿಗೆಗೆ ತಾಗಿಸ್ಕೊಂಡವರಿಗೆ ತನ್ನಾ ಹೊಸದೇನಲ್ಲ. ಎರಡರಲ್ಲೂ ಇರೋದು ಟ್ಯಾನಿನ್. ಎಂಜಲಿನಲ್ಲಿರೋ ಪ್ರೋಟೀನನ್ನ ಟ್ಯಾನಿನ್ ಹಿಡಿದು ಗಂಟು ಹಾಕುತ್ತೆ, ಬಾಯೊಳಗಿನ ಜಾರು ಹೋಗುತ್ತೆ. ಹಾಗಾಗಿ ಒಗರು ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ.

ಒಗರಿಗೆ ಮದ್ದು ನಮ್ಮ ಅಡುಗೆಮನೆಗೂ ಗೊತ್ತು. ಬಾಳೆಹೂವನ್ನ ಹೆಚ್ಚಿ ಮಜ್ಜಿಗೇಲಿ ನೆನೆಹಾಕ್ತಾರೆ. ಟ್ಯಾನಿನ್ ಮಜ್ಜಿಗೆಯ ಪ್ರೋಟೀನ್ ಹಿಡ್ಕೊಂಡು ನಮ್ಮ ನಾಲಿಗೆ ಬಿಟ್ಟುಬಿಡುತ್ತೆ. ಗ್ಯಾಸ್ಕನಿಯವರ ಮಜ್ಜಿಗೆ ಅಂದ್ರೆ ಬಾತುಕೋಳಿ. ತೊಡೆಗೆ ಉಪ್ಪು ಸವರಿ ಒಂದು ರಾತ್ರಿ ಇಟ್ಟು, ಬಾತಿನದೇ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಅದೇ ಕೊಬ್ಬಿನಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಇಡ್ತಾರೆ. ಇದೇ ಕಾನ್ಫಿ. ಪ್ರಾಜೆಕ್ಟ್ ಕೆಲಸಕ್ಕೆ ತುಲೂಸಿನಲ್ಲಿದ್ದಾಗ ಮೊದಲ ಸಲ ತಿಂದೆ. ಎರಡು ತುತ್ತಿಗೇ ಬಾಯೆಲ್ಲ ಜಿಡ್ಡು, ಮೂರನೇದು ಸೇರಲ್ಲ. ಒಂದು ಗುಟುಕು ಮದಿರಾನ್ ಕುಡಿದೆ ನೋಡಿ, ನಾಲಿಗೆ ತೊಳೆದಿಟ್ಟ ಹಾಗೆ! ವೈನಿನ ಒರಟೂ ಅಷ್ಟೊತ್ತಿಗೆ ಅರ್ಧ ಇಳಿದಿತ್ತು. ಬಿಳಿ ಬೀನ್ಸ್, ಸಾಸೇಜ್, ಬಾತು ಸೇರಿಸಿ ಬೇಯಿಸೋ ಕಾಸೂಲೆಗೂ ಇದೇ ಲೆಕ್ಕ.

ಈಗ ತಕರಾರು. 1990ರ ದಶಕದ ಶುರುವಿನಲ್ಲಿ ಅಲ್ಲಿಯವರೇ ಆದ ಪ್ಯಾಟ್ರಿಕ್ ದ್ಯುಕೂರ್ನೋ ಒಂದು ಉಪಾಯ ಹುಡುಕಿದರು: ತೊಟ್ಟಿಯ ತಳದಿಂದ ಆಮ್ಲಜನಕವನ್ನ ಸಣ್ಣ ಸಣ್ಣ ಗುಳ್ಳೆಯಾಗಿ, ಅಳತೆ ಮಾಡಿ ಬಿಡೋದು. ಮರದ ಪೀಪಾಯಿ ನಿಧಾನವಾಗಿ ಮಾಡೋ ಕೆಲಸ ಬೇಗ ಮುಗಿಯುತ್ತೆ, ಟ್ಯಾನಿನ್ ಮೆತ್ತಗಾಗುತ್ತೆ. ಎಂಜಿನಿಯರಾಗಿ ನನಗಿದು ಬಲು ಇಷ್ಟ. ಸರಕನ್ನ ವರ್ಷಗಟ್ಟಲೆ ಇಟ್ಕೊಂಡು ಕೂರೋ ಶಕ್ತಿ ಸಣ್ಣ ಬೆಳೆಗಾರನಿಗೆ ಎಲ್ಲಿಂದ ಬರಬೇಕು? ಆದ್ರೆ ಇದನ್ನ ಕೊನೇವರೆಗೂ ಎಳೆದು, ಒಗರೇ ಇಲ್ಲದ ಹಾಗೆ ನಯ ಮಾಡಿದ ಬಾಟಲಿಗಳನ್ನೂ ಕುಡಿದಿದ್ದೀನಿ. ಸೋಫಾದಲ್ಲಿ ಕೂತು ಕುಡಿಯೋಕೆ ಚೆನ್ನ. ಕಾನ್ಫಿ ಮುಂದೆ ಇಟ್ರೆ ಬಣ್ಣದ ನೀರು. ಇನ್ನೊಂದು ಕಡೆ, 1980ರಲ್ಲಿ ಶಾತೋ ಮೋಂತೂಸ್ ಕೊಂಡ ಅಲೇನ್ ಬ್ರೂಮಾಂ ತನ್ನಾವನ್ನೇ ಮುಂದಿಟ್ಟು, ಹೊಸ ಓಕ್ ಪೀಪಾಯಿ ಬಳಸಿ ಮದಿರಾನಿಗೆ ಹೆಸರು ತಂದರು. ಗಟ್ಟಿ ವೈನ್, ಒಪ್ಪಿದೆ. ಆದ್ರೆ ಓಕಿನ ವಾಸನೆ ಕೆಲವೊಮ್ಮೆ ಊಟದ ಮೇಲೂ ಯಜಮಾನಿಕೆ ಮಾಡುತ್ತೆ. ನನ್ನ ಓಟು ಇವೆರಡರ ನಡುವೆ ಇರೋ, ಐದಾರು ವರ್ಷ ಹಳೆಯ, ದುಬಾರಿಯಲ್ಲದ ಬಾಟಲಿಗೆ. ಎರಡು ಗಂಟೆ ಮೊದಲೇ ಜಗ್ಗಿಗೆ ಸುರಿದಿಡಿ.

ಹೃದಯಕ್ಕೆ ಒಳ್ಳೇದು ಅಂತ ಯಾರಾದ್ರೂ ಮಾರೋಕೆ ಬಂದ್ರೆ ನಕ್ಕು ಸುಮ್ಮನಾಗಿ. ಔಷಧಿ ಅಂತ ಕುಡಿಯೋ ಪದಾರ್ಥ ಅಲ್ಲ ಇದು.

ನಮ್ಮ ಖಾರದ ಕೋಳಿ ಸಾರಿನ ಜೊತೆ ಮಾತ್ರ ಬೇಡ. ಒಗರು, ಆಲ್ಕೋಹಾಲ್ ಎರಡೂ ಸೇರಿ ಮೆಣಸಿನ ಉರಿ ದುಪ್ಪಟ್ಟಾಗುತ್ತೆ. ಮೀನಿಗೂ ಬೇಡ, ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಾಗುತ್ತೆ. ಮಾಂಸ ತಿನ್ನದವರಿಗೆ ಪಿರಿನೀಸಿನ ಕುರಿಹಾಲಿನ ಚೀಸ್ ಇದೆ, ಒಸ್ಸೋ-ಇರಾತಿ ಅಂತ. ಗಟ್ಟಿ, ಜಿಡ್ಡು, ಒಂಚೂರು ಉಪ್ಪು. ಬಾತುಕೋಳಿ ಮಾಡೋ ಕೆಲಸವನ್ನ ಮುಕ್ಕಾಲು ಪಾಲು ಅದೂ ಮಾಡುತ್ತೆ.