ಸುಟ್ಟರೆ ಗಂಟಾಗುವ ಮೈಸೂರು ಸಿಲ್ಕ್

ದೇವನೂರಿನ ಒಂದು ಮದುವೆಮನೆಯಲ್ಲಿ ಚಿಕ್ಕವ್ವನ ‘ಮೈಸೂರು ಸಿಲ್ಕ್’ ಸೀರೆಯ ಸೆರಗಿನಿಂದ ಎಳೆಯೊಂದನ್ನು ಕಿತ್ತು ದೀಪಕ್ಕೆ ಹಿಡಿದೆ. ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗಬೇಕಿತ್ತು. ಇದು ಕರಗಿ ಕರಿಮಣಿಯಂಥ ಗಂಟಾಯಿತು. ಚಿಕ್ಕವ್ವ ನಕ್ಕಳು: “ಗೊತ್ತಿದ್ದೇ ತಕ್ಕಂಡಿ ಕನ ಮಗ, ಆರ್ನೂರು ರೂಪಾಯ್ಗೆ ಇನ್ನೇನ್ ಬಂದದು?”

ನಕಲಿಯ ಬಗ್ಗೆ ನಾವು ಆಡುವ ಮಾತೆಲ್ಲ ಕೊಂಡವರು ಮೋಸ ಹೋದರೆಂಬುದು. ಚಿಕ್ಕವ್ವ ಮೋಸ ಹೋಗಿರಲಿಲ್ಲ. ಹಾಗಾದರೆ ನಷ್ಟ ಯಾರದು? ಅದು ತಿಳಿಯಲು ಅಸಲಿ ಸೀರೆ ಎಲ್ಲಿಂದ ಬರುತ್ತದೆಂದು ನೋಡಬೇಕು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. ಈಗ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ್ದು. ನಿಗಮದ ನೂಲು ಬಿಚ್ಚುವ ಕಾರ್ಖಾನೆ ಇರುವುದು ನಮ್ಮ ಪಕ್ಕದ ತಿ. ನರಸೀಪುರದಲ್ಲಿ. ಆ ನೂಲಿನ ಹಿಂದೆ ಹುಳದ ಮನೆಯಿದೆ: ಹುಳ ನಾಲ್ಕು ಜ್ವರ (ಪೊರೆ ಬಿಡುವ ಹಂತ) ದಾಟಿ ಹಣ್ಣಾಗುವ ತನಕ ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಹಣ್ಣುಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ರೋಗ ಬಿದ್ದರೆ ಸುಮಾರು 25 ದಿನದ ದುಡಿಮೆ ತಿಪ್ಪೆಗೆ. ಚಿಕ್ಕವ್ವನೂ ಹುಳ ಸಾಕಿದವಳೇ. ಬಿಟ್ಟಳು; ಗೂಡಿನ ರೇಟು ನಂಬಿ ಸಾಲ ಮಾಡಲಾಗದು ಎಂಬುದು ಅವಳ ಲೆಕ್ಕ.

2005ರಲ್ಲಿ ಸಿಕ್ಕ ಭೌಗೋಳಿಕ ಸೂಚಕದ ಮಾನ್ಯತೆ, ಸೀರೆಯ ಮೇಲಿನ ಸಂಖ್ಯೆ, ಹೊಲೊಗ್ರಾಮ್, ಜರಿಯಲ್ಲಿ ಶೇ. 65 ಬೆಳ್ಳಿ ಮತ್ತು ಶೇ. 0.65 ಚಿನ್ನ: ನಿಗಮದ ಕಾವಲು ಗಟ್ಟಿಯಾಗಿಯೇ ಇದೆ. ಹೆಸರು ಕದ್ದವರಿಗೆ 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷದ ಜೈಲೂ ಇದೆ. ಆದರೆ ಇವೆಲ್ಲ ಕಾಯುವುದು ಹತ್ತಾರು ಸಾವಿರ ಕೊಟ್ಟು ಕೊಳ್ಳಬಲ್ಲವರನ್ನು. ಸಂತೆಯಲ್ಲಿ ಹರಡಿಕೊಂಡ ಪಾಲಿಯೆಸ್ಟರ್ ಮೇಲೆ ಹೊಲೊಗ್ರಾಮ್ ಹುಡುಕುವವರು ಯಾರು? ಅಲ್ಲಿ ಪೆಟ್ಟು ಬೀಳುವುದು ನಿಗಮಕ್ಕಿಂತ ಹೆಚ್ಚಾಗಿ, ಸಣ್ಣ ಮಗ್ಗದಲ್ಲಿ ಅಪ್ಪಟ ರೇಷ್ಮೆ ನೇಯುವವನಿಗೆ. ಹೊಳಪಿನಲ್ಲಿ ನಕಲಿ ಅವನಷ್ಟೇ ಚೆಂದ, ಬೆಲೆಯಲ್ಲಿ ಅವನ ನೂಲಿನ ಖರ್ಚಿಗಿಂತ ಕಡಿಮೆ. ಅವನ ಮಗ್ಗ ನಿಂತರೆ ಅವನಿಗೆ ನೂಲು ಬಿಚ್ಚಿ ಕೊಡುವ ಖಾಸಗಿ ರೀಲರ್ ಗೂಡು ಕೊಳ್ಳುವುದು ಕಡಿಮೆ, ಗೂಡಿನ ರೇಟು ಇಳಿಕೆ. ನಾಲ್ಕು ಹೆಜ್ಜೆಗೆ ಮತ್ತೆ ಚಿಕ್ಕವ್ವನ ಅಂಗಳ.

ಆರುನೂರರ ಸೀರೆ ಉಟ್ಟವಳನ್ನು ಬೈಯಲು ನನಗಂತೂ ಬಾಯಿ ಬರದು. ಅದನ್ನು ನೇಯ್ದವರ ಕೂಲಿ ಎಷ್ಟಿದ್ದೀತು ಎಂದು ಮಾತ್ರ ಕೇಳಬೇಕೆನಿಸುತ್ತದೆ. ಅಂದು ಸೀರೆಯ ಚೀಟಿ ತಿರುಗಿಸಿ ನೋಡಿದೆ. ‘ಮೈಸೂರ್ ಸಿಲ್ಕ್’ ಎಂದು ಬಂಗಾರದ ಬಣ್ಣದಲ್ಲಿತ್ತು. ನೇಯ್ದ ಊರಿನ ಹೆಸರು ಇರಲಿಲ್ಲ.